ಕಾಕುವಿನ ಕರಡಿಗೆ

ಹೋದ ವಾರ ನಮ್ಮ ಲ್ಯಾಬಿನ ವಿದ್ಯಾರ್ಥಿನಿಯೊಬ್ಬಳು ಸವಣೂರಿಗೆ ಮದುವೆಗೆ ಹೋಗಿ ಬರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ತಂದಿದ್ದಳು. ಹಾಸ್ಟೆಲಿನಲ್ಲಿ ಇಟ್ಟು ಬರಬೇಕೋ ಬೇಡವೋ? ಸೀದಾ ಲ್ಯಾಬಿಗೇ ತಂದು ಮೈಕ್ರೋಸ್ಕೋಪಿನ ಪಕ್ಕದ ಮೇಜಿನ ಮೇಲೆ ಇಟ್ಟಿದ್ದಾಳೆ. ತಿನ್ನುವ ಪದಾರ್ಥ ಯಾವುದೂ ಈ ಬಾಗಿಲು ದಾಟಬಾರದು ಅಂತ ಬಾಯಿ ಒಣಗುವವರೆಗೆ ಹೇಳಿದ್ದೇನೆ. ಇವತ್ತು ಇವಳಿಗೆ ಮಂಗಳಾರತಿ ಆಗಲೇಬೇಕು ಅಂತ ಎದ್ದು ಹೋದೆ. ಅಷ್ಟರಲ್ಲಿ ಅವಳು ಬಟ್ಟೆ ಬಿಚ್ಚಿದಳು. ಹಸಿ ಎಲೆಯ ವಾಸನೆ, ತೊಯ್ದ ಬಟ್ಟೆಯ ವಾಸನೆ, ಅದರೊಳಗೊಂದಿಷ್ಟು ಮಣ್ಣಿನದು... ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತುಬಿಟ್ಟಿತು. "ಏನಾತ್ರಿ ಮೇಡಮ್?" ಅಂದಳು. "ಏನಿಲ್ಲ, ಅದನ್ನ ಹೊರಗ ಇಟ್ಟು ಬಾ" ಅಂತ ಹೇಳಿ ನನ್ನ ಕೋಣೆಗೆ ಬಂದು ಕುಳಿತೆ.

ಸವಣೂರಿನಲ್ಲಿ ನಮ್ಮ ಎದುರು ಮನೆ ತುಂಬ ಇದೇ ವಾಸನೆ ಇರುತ್ತಿತ್ತು. ಅದು ಕಾಕುವಿನ ಮನೆ. ಕಾಕು ಅಂದರೆ ಚಿಕ್ಕಮ್ಮ; ಸ್ವಂತ ಕಾಕು ಅಲ್ಲ, ಇಡೀ ಓಣಿಗೇ ಕಾಕು. ಊರ ಹೊರಗೆ ಅವರದು ಎಲೆಬಳ್ಳಿಯ ತೋಟ, ಪೇಟೆಯಲ್ಲಿ ಅವರ ಗಂಡ ಕಾಕಾನ ಎಲೆಯ ವ್ಯಾಪಾರ. ಓಣಿಗೆ ಕಿಟಕಿಯಿದ್ದ ಕೋಣೆಯಲ್ಲಿ ತೊಯ್ದ ಗೋಣಿತಟ್ಟಿನ ಮೇಲೆ ಎಲೆ ರಾಶಿ ಹಾಕಿಕೊಂಡು, ನಡುವೆ ಕಾಕು ಕೂತು ಹಣ್ಣಾದದ್ದು ಬೇರೆ, ಎಳೆಯದು ಬೇರೆ ಅಂತ ಆರಿಸುತ್ತಿದ್ದರು. ಕೈ ಎಲೆಯ ಮೇಲೆ, ಕಣ್ಣು ಓಣಿಯ ಮೇಲೆ. ಯಾರ ಮನೆಗೆ ಯಾರು ಬಂದರು, ಯಾಕೆ ಬಂದರು, ಬಂದವರು ಊಟ ಮಾಡಿ ಹೋದರೋ ಬರೀ ಚಹಾ ಕುಡಿದು ಹೋದರೋ ಎಲ್ಲ ಅವರಿಗೆ ಬೇಕು. ಅವರು ಮನೆಯೊಳಗೆ ಮಾತಾಡಿದರೆ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ ಅಂತ ನಮ್ಮಪ್ಪ ನಗುತ್ತಿದ್ದ. ಅದನ್ನೂ ಕಾಕು ಕೇಳಿಸಿಕೊಂಡು ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು.

ಅವರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಇಷ್ಟಲಿಂಗ ಇಟ್ಟುಕೊಳ್ಳುವ ಡಬ್ಬಿ, ಶಿವದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿರುತ್ತಿದ್ದರು. ನಮ್ಮ ಮನೆಯವರೆಲ್ಲರ ಕೊರಳಲ್ಲೂ ಇತ್ತು. ಆದರೆ ಅವರದು ದೊಡ್ಡದು, ತವರುಮನೆ ಚಿಕ್ಕೇರೂರಿನಿಂದ ಬಂದದ್ದು, ಭಾರದ್ದು. ಸಣ್ಣವಳಿದ್ದಾಗ ಅವರ ತೊಡೆಯ ಮೇಲೆ ಮಲಗಿದರೆ ಅದು ನನ್ನ ಹಣೆಗೆ ತಣ್ಣಗೆ ತಾಗುತ್ತಿತ್ತು. ಮಲಗುವಾಗಲೂ, ಜಳಕಕ್ಕೂ ತೆಗೆಯುತ್ತಿರಲಿಲ್ಲ.

ನಾನು ಹುಬ್ಬಳ್ಳಿಗೆ ಬಯೋಮೆಡಿಕಲ್ ಇಂಜಿನಿಯರಿಂಗ್ ಓದಲು ಹೊರಟಾಗ, ಹಂಗಂದರೇನು ಅಂತ ಮೊದಲು ಕೇಳಿದವರೂ ಕಾಕುವೇ. ದವಾಖಾನೆಯ ಯಂತ್ರಗಳನ್ನು ಮಾಡುವುದು, ನೋಡಿಕೊಳ್ಳುವುದು ಅಂದೆ. "ಹಂಗಾರ ನೀ ಇಂಜೆಕ್ಷನ್ ಮಾಡಾಕಿನೋ, ನಟ್ಟು ಬೋಲ್ಟು ಬಿಗ್ಯಾಕಿನೋ?" ಅಂದರು. ಓಣಿಯೆಲ್ಲ ನಕ್ಕಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಎರಡೂ ಮಾಡ್ತೇನಿ" ಅಂದು ಬಾಗಿಲು ಬಡಿದುಕೊಂಡು ಒಳಗೆ ಹೋಗಿದ್ದೆ.

ಕಡೆಗೆ ಎರಡೂ ಮಾಡಲಿಲ್ಲ ಅನ್ನುವುದು ಬೇರೆ ಮಾತು. ಪಿಎಚ್‌ಡಿಗೆ ಅಂತ ಮುಂಬೈಗೆ ಹೋದವಳು ರಬ್ಬರಿನ ಬಿಲ್ಲೆಗೆ ಗಂಟುಬಿದ್ದೆ. ನನ್ನ ಕೆಲಸವನ್ನು ಸುಲಭವಾಗಿ ಹೇಳುವುದಾದರೆ ಇಷ್ಟು: ಬೆರಳಗಲದ ಒಂದು ಪಾರದರ್ಶಕ ಬಿಲ್ಲೆ, ಮೆತ್ತಗಿನ ರಬ್ಬರಿನದು. ಅದರೊಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು. ಒಂದು ಕಡೆಯಿಂದ ರಕ್ತ ಬಿಟ್ಟರೆ ಅದು ಕಾಲುವೆಗಳಲ್ಲಿ ಸುತ್ತಿ ಸುತ್ತಿ ಹರಿಯುತ್ತದೆ. ಕ್ಯಾನ್ಸರಿನ ಕಣಗಳು ರಕ್ತದ ಬೇರೆ ಕಣಗಳಿಗಿಂತ ಸಾಮಾನ್ಯವಾಗಿ ದೊಡ್ಡವು. ತಿರುವಿನಲ್ಲಿ ಅವು ಒಂದು ಮಗ್ಗುಲಿಗೆ ಸರಿಯುತ್ತವೆ. ಹಾಗೆ ಸರಿದವುಗಳನ್ನು ಬೇರೆ ದಾರಿಗೆ ತಿರುಗಿಸಿ ಹಿಡಿಯಬೇಕು. ಗಡ್ಡೆಯಿಂದ ಕಳಚಿಕೊಂಡು ರಕ್ತದೊಳಗೆ ಊರು ಬಿಟ್ಟು ಹೊರಟ ಕಣಗಳವು. ಹೋದಲ್ಲಿ ತಳ ಊರುತ್ತವೆ. ಕ್ಯಾನ್ಸರಿನಲ್ಲಿ ಹೆಚ್ಚಿನವರು ಸಾಯುವುದು ಮೊದಲ ಗಡ್ಡೆಯಿಂದ ಅಲ್ಲ, ಹೀಗೆ ಹೊರಟವುಗಳಿಂದ. ದಾರಿಯಲ್ಲೇ ಹಿಡಿದರೆ ಎಷ್ಟು ಜನ ಉಳಿದಾರು ಅನ್ನುವುದು ನಮ್ಮ ಆಸೆ.

ಆಸೆಯೇನೋ ದೊಡ್ಡದು. ಆದರೆ ಕೆಲಸದಲ್ಲಿ ನನ್ನ ದಿನಗಳೆಲ್ಲ ಗಾಳಿಗುಳ್ಳೆಯ ಜೊತೆ ಜಗಳಾಡುವುದರಲ್ಲೇ ಕಳೆದವು. ಕಾಲುವೆಯೊಳಗೆ ಒಂದು ಗುಳ್ಳೆ ಹೊಕ್ಕಿತೋ, ಮುಗಿಯಿತು, ಬೆಳಗಿನಿಂದ ಮಾಡಿದ್ದೆಲ್ಲ ಹಾಳು. ಇನ್ನೊಂದು ದಿನ ಬಿಲ್ಲೆ ಸೋರುತ್ತದೆ, ಮತ್ತೊಂದು ದಿನ ಕಣಗಳು ಕಟ್ಟಿಕೊಂಡು ನಿಲ್ಲುತ್ತವೆ. ರೋಗಿಗಳ ರಕ್ತ ಮುಟ್ಟುವ ಹಂತಕ್ಕೆ ನಾವಿನ್ನೂ ಬಂದಿರಲಿಲ್ಲ. ಆರೋಗ್ಯವಂತರ ರಕ್ತದಲ್ಲಿ, ಲ್ಯಾಬಿನಲ್ಲಿ ನಾನೇ ಬೆಳೆಸಿದ ಕ್ಯಾನ್ಸರ್ ಕಣಗಳನ್ನು ನಾನೇ ಬೆರೆಸಿ, ಆಮೇಲೆ ನಾನೇ ಹುಡುಕುವುದು. ಆ ಕಣಗಳಿಗೆ ಹಸಿರು ಹೊಳಪು ಬರುವಂತೆ ಮಾಡಿದ್ದೆವು. ಕತ್ತಲೆ ಕೋಣೆಯಲ್ಲಿ ಮಿನುಗುತ್ತಿದ್ದವು. ಅವಕ್ಕೆ ಹೊತ್ತುಹೊತ್ತಿಗೆ ಊಟ ಹಾಕುವುದು, ಬೆಚ್ಚಗಿಡುವುದು, ಚೆನ್ನಾಗಿ ಬೆಳೆದರೆ ಖುಷಿಪಡುವುದು. ನನ್ನ ಕಣಗಳು ಅಂತಲೇ ಹೇಳುತ್ತಿದ್ದೆ.

ಆ ವರ್ಷ ನಾಗರಪಂಚಮಿಗೆ ಊರಿಗೆ ಬಂದಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರುವುದು, ಉಂಡಿ ತಿನ್ನುವುದು, ಜೋಕಾಲಿ ಆಡುವುದು, ಅಷ್ಟೇ ಕೆಲಸ. ಎರಡನೆಯ ಉಂಡಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಾಕು ಎದುರು ಮನೆಯಿಂದ ಕೈ ಮಾಡಿ ಕರೆದರು. ಕೈ ಮಾಡಿ! ಕೂಗಲಿಲ್ಲ. ಆಗಲೇ ನನಗೆ ಏನೋ ಬೇರೆ ಅನ್ನಿಸಬೇಕಿತ್ತು.

ಎಲೆ ಕೋಣೆಗೆ ಕರೆದುಕೊಂಡು ಹೋಗಿ, "ಬಾಗಲಾ ಮುಂದ ಮಾಡು ತಂಗಿ" ಅಂದರು. ಬಾಗಿಲು ಎಳೆದು ಮುಚ್ಚಿದೆ. ಸೆರಗು ಸರಿಸಿ ನನ್ನ ಕೈ ಹಿಡಿದು ಎಡಗಡೆಯ ಎದೆಗೆ ಇಟ್ಟುಕೊಂಡರು. "ಇಲ್ಲೊಂಚೂರು ಮುಟ್ಟಿ ನೋಡು. ಕರಡಿಗಿ ಒತ್ತಿ ಒತ್ತಿ ಗಟ್ಟಿ ಆಗೇತಿ."

ಹುಣಸೆಬೀಜಕ್ಕಿಂತ ಚೂರು ದೊಡ್ಡದು. ಒತ್ತಿದರೆ ಜರುಗಲಿಲ್ಲ. ನಾನು ವೈದ್ಯೆ ಅಲ್ಲ. ಆದರೆ ಆ ಹೊತ್ತಿಗೆ ನಾನು ಓದಿದ್ದೆಲ್ಲ ಅದರ ಬಗ್ಗೆಯೇ ಆಗಿತ್ತು.

"ಯಾವಾಗಿಂದ್ರೀ ಕಾಕು?"

"ಯುಗಾದಿ ಮುಂದ ಗೊತ್ತಾತು. ಹೊಲದಾಗ ದುಡ್ಯಾವ್ರ ಕೈಯಾಗ ಗಟ್ಟಿ ಬೀಳಂಗಿಲ್ಲ? ಹಂಗ ಇದ್ದೀತು ಅಂದ್ಕೊಂಡೆ. ಶಿವದಾರ ಉದ್ದ ಮಾಡಿ ಕೆಳಗ ಇಳಿಸಿದೆ. ಈಬತ್ತಿ ಹಚ್ಚಿದೆ. ಎಲ್ಲಾ ಆತು, ಇದು ಹಂಗ ಐತಿ."

"ಕಾಕಾಗ ಹೇಳೀರೇನು?"

"ಏನಂತ ಹೇಳ್ಲಿ? ಲಿಂಗ ಒತ್ತಿ ಬ್ಯಾನಿ ಬಂತು ಅಂದ್ರ ಮಂದಿ ಬಾಯಾಗ ಬೀಳ್ತೇನಿ. ಲಿಂಗದ್ದಲ್ಲ ಅಂದ್ರ..."

ಆಗ ನನಗೆ ತಿಳಿಯಿತು, ಇಷ್ಟು ತಿಂಗಳು ಈ ಬಾಯಿ ಮುಚ್ಚಿಕೊಂಡದ್ದು ಹೇಗೆ ಅಂತ. ಲಿಂಗದಿಂದ ನೋವು ಅನ್ನುವುದು ಆಡಬಾರದ ಮಾತು. ಲಿಂಗದಿಂದ ಅಲ್ಲ ಅಂದರೆ ಆ ಇನ್ನೊಂದು ಹೆಸರು ಹೇಳಬೇಕು. ಎರಡರ ನಡುವೆ ಕಾಕು ಸಿಕ್ಕಿಕೊಂಡಿದ್ದರು. ಇಡೀ ಓಣಿಯ ಸುದ್ದಿ ಹೇಳುವ ಹೆಂಗಸು ತನ್ನದನ್ನು ಯಾರಿಗೂ ಹೇಳಲಾರದೆ ಕೂತಿದ್ದರು.

"ನೀ ರಕ್ತ ನೋಡಾಕಿ ಅಲ್ಲಾ? ಒಂದೀಟು ರಕ್ತ ತಗೊಂಡು ಹೋಗು. ನಿನ್ನ ಬಿಲ್ಲಿಯೊಳಗ ಹಾಕು. ನೀ ಏನ್ ಹೇಳ್ತಿ ಅದ ಖರೆ" ಅಂದರು.

ನನ್ನ ಬಿಲ್ಲೆಗೆ ಅಷ್ಟು ಬುದ್ಧಿ ಇನ್ನೂ ಬಂದಿಲ್ಲ ಅಂದೆ. ಅರ್ಥವಾಗಲಿಲ್ಲ. ಬೆರೆಸುವುದೂ ನಾನೇ, ಹುಡುಕುವುದೂ ನಾನೇ ಅಂತ ಬಿಡಿಸಿ ಹೇಳಿದೆ. ಕಾಕು ನನ್ನ ಮುಖವನ್ನೇ ನೋಡಿದರು. "ಬಚ್ಚಿಟ್ಟಾಕಿನೂ ನೀನ, ಹುಡುಕಾಕಿನೂ ನೀನ? ಇದಕ್ಕ ಮುಂಬೈಗ್ಯಾಕ ಹೋಗಬೇಕಿತ್ತ?"

ಅಂಥ ಹೊತ್ತಿನಲ್ಲೂ ನನಗೆ ಉರಿದುಹೋಯಿತು. ನನ್ನ ಗೈಡೂ ಅಷ್ಟು ನಾಟುವಂತೆ ಎಂದೂ ಬೈದಿರಲಿಲ್ಲ. ಆದರೂ ತಡೆದುಕೊಂಡು, ಹುಬ್ಬಳ್ಳಿಗೆ ಹೋಗೋಣ, ಅಲ್ಲಿ ಎದೆಯ ಫೋಟೋ ತೆಗೆಯುವ ಯಂತ್ರ ಇದೆ, ಸೂಜಿ ಹಾಕಿ ಚೂರು ತೆಗೆದು ನೋಡುತ್ತಾರೆ, ಖಾತ್ರಿ ಆಗುತ್ತದೆ ಅಂದೆ. ಸೂಜಿಗೆ ಅಂಜಲಿಲ್ಲ. ಯಂತ್ರಕ್ಕೂ ಅಂಜಲಿಲ್ಲ. "ಫೋಟೋ ತಗಿಯೋ ಮುಂದ ಕರಡಿಗಿ ತಗೀಬೇಕೇನು?" ಅಂತ ಒಂದೇ ಪ್ರಶ್ನೆ.

ತೆಗೆಯಬೇಕು, ಎದೆಯ ಮೇಲೆ ಲೋಹ ಇರಬಾರದು ಅಂದೆ.

"ಆಗೂದಿಲ್ಲ."

ಆಯಿತಲ್ಲ! ಬೇಡಿದೆ, ಹೆದರಿಸಿದೆ. ಆಗೂದಿಲ್ಲ. ಮೈಮೇಲಿನಿಂದ ಲಿಂಗ ಅಗಲಿದರೆ ಉಸಿರು ಅಗಲಿದಂಗೆ, ದವಾಖಾನೆಯ ಮೇಜಿನ ಮೇಲೆ ಅದನ್ನು ಬಿಚ್ಚಿಟ್ಟು ತಾನು ಬೇರೆ ಕೋಣೆಯಲ್ಲಿ ನಿಲ್ಲುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಅಂದರು. ಅಷ್ಟು ಹೇಳಿ ಏನೂ ಆಗದವರಂತೆ ಎಲೆ ಆರಿಸಲು ಕೂತರು. ಹಣ್ಣಾದದ್ದು ಬೇರೆ, ಎಳೆಯದು ಬೇರೆ. ನನ್ನ ತಲೆ ಕೆಟ್ಟಿತು. ಆ ಬೀಜದಂಥದ್ದು ಒಳಗೆ ಬೆಳೆಯುತ್ತಿದೆ, ಇಂದಲ್ಲ ನಾಳೆ ಅದರಿಂದ ಕಣಗಳು ಕಳಚಿ ಹೊರಡುತ್ತವೆ, ಹೊರಟಮೇಲೆ ಹಿಡಿಯಲು ನನ್ನ ಕೈಯಲ್ಲಿ ಏನೂ ಇಲ್ಲ. ಈ ಹೆಂಗಸು ಎಲೆ ಆರಿಸುತ್ತ ಕೂತಿದೆ.

"ದಿನಾ ಮುಂಜಾನಿ ಪೂಜಾ ಮಾಡೋ ಮುಂದ ಕೊಳ್ಳಾಗಿಂದ ತಗದು ಅಂಗೈಯಾಗ ಇಟ್ಕೊಂತೀರಲ್ಲ, ಆವಾಗ ಸಾಯ್ತೀರೇನು?" ಅಂತ ಒದರಿಬಿಟ್ಟೆ.

ಪಂಚಮಿಯ ದಿನ, ಹಿರಿಯರ ಮುಂದೆ, ಸಾಯುವ ಮಾತು. ನಮ್ಮವ್ವ ಕೇಳಿದ್ದರೆ ಕಪಾಳಕ್ಕೆ ಕೊಡುತ್ತಿದ್ದಳು. ಕಾಕುವಿನ ಕೈ ಎಲೆಯ ಮೇಲೆಯೇ ನಿಂತಿತು. ನಾನು ನಾಲಿಗೆ ಕಚ್ಚಿಕೊಂಡೆ. ಅವರು ತಮ್ಮ ಎಡ ಅಂಗೈಯನ್ನು ಎತ್ತಿ ಒಂದು ಸಲ ನೋಡಿಕೊಂಡರು.

"ಹೌದಲ್ಲ" ಅಂದರು. "ಅಂಗೈಯೂ ಮೈಯ ಅಲ್ಲೇನು?"

ಮರುದಿನ ಬೆಳಿಗ್ಗೆ ಹೊರಟೆವು. ತವರಿಗೆ, ಚಿಕ್ಕೇರೂರಿಗೆ ಹೋಗಿ ಬರುತ್ತೇನೆ ಅಂತ ಕಾಕು ಮನೆಯಲ್ಲಿ ಹೇಳಿದರು. ಪಂಚಮಿಗೆ ತವರಿಗೆ ಹೋಗುವವರನ್ನು ಯಾರು ಬೇಡ ಅಂತಾರೆ? ನಾನು ಗೆಳತಿಯ ಮನೆಗೆ ಅಂತ ನಮ್ಮವ್ವನಿಗೆ ಹೇಳಿದೆ. ಚಿಕ್ಕೇರೂರಿಗೆ ಹೋಗಬೇಕಾದವರು ದಕ್ಷಿಣಕ್ಕೆ, ಹಿರೇಕೆರೂರಿನ ಕಡೆ, ಹೋಗಬೇಕು, ನಾವು ಉತ್ತರಕ್ಕೆ ಹೊರಟಿದ್ದೆವು. ಶಿಗ್ಗಾಂವಿ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿ ಕೂತೆವೋ ಇಲ್ಲವೋ, ಕಿಟಕಿಯ ಕೆಳಗೆ ಒಂದು ಮುಖ ಬಂತು. ಹಾನಗಲ್ಲಿನ ಬೀಗತಿ! ಕಾಕುವಿನ ಮಗಳ ಅತ್ತೆ. ಇಡೀ ಜಿಲ್ಲೆಯಲ್ಲಿ ಕಾಕುವಿಗಿಂತ ದೊಡ್ಡ ಬಾಯಿ ಯಾರದಾದರೂ ಇದ್ದರೆ ಅದು ಅವರದು.

"ಏನ್ರೀ ಬೀಗ್ತ್ಯಾರ, ಹಬ್ಬ ಬಿಟ್ಟು ಎಲ್ಲಿಗೆ ಹೊಂಟೀರಿ?"

ಕಾಕು ಕಣ್ಣು ಮಿಟುಕಿಸಲಿಲ್ಲ. "ಇಕಿಗೊಂದು ವರ ನೋಡಾಕ ಹೊಂಟೇವ್ರಿ, ಹುಬ್ಬಳ್ಳಿಗೆ" ಅಂತ ನನ್ನ ಭುಜ ತಟ್ಟಿದರು.

ಬಸ್ಸು ಹೊರಟಮೇಲೆ ನಾನು ಅವರ ಕಡೆ ತಿರುಗಿದೆ. "ನಿಮಗ ಬ್ಯಾರೆ ಸುಳ್ಳ ಸಿಗಲಿಲ್ಲೇನ್ರಿ?" "ವರದ ಸುದ್ದಿ ಹೇಳಿದ್ರ ಮುಂದ ಯಾರೂ ಏನೂ ಕೇಳಂಗಿಲ್ಲ, ಹುಡುಗನ ಹೊಲ ಎಷ್ಟೈತಿ ಅಂತ ಅಷ್ಟ ಕೇಳ್ತಾರ" ಅಂದರು. ಆಮೇಲೆ ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಕಾಕು ಅಳಲು ಶುರು ಮಾಡಿದರು... ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ. ಅವರು ಅತ್ತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ.

ದವಾಖಾನೆಯಲ್ಲಿ ಯಂತ್ರದ ಕೋಣೆಯ ಹುಡುಗಿ ಮೊದಲು ಒಪ್ಪಲಿಲ್ಲ. ಕೈಯಲ್ಲಿ ಏನೂ ಇರಬಾರದು ಅಂದಳು. ಆ ಯಂತ್ರದ ಹೊಟ್ಟೆಯೊಳಗೆ ಏನಿದೆ, ಕಿರಣ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಅಂಗೈ ಆ ದಾರಿಯಲ್ಲಿ ಬರುವುದಿಲ್ಲ ಅಂತ ತೋರಿಸಿದೆ. ಓದಿದ್ದು ಉಪಯೋಗಕ್ಕೆ ಬಂತು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಕಾಕು ಬಲಗೈಯಿಂದ ಯಂತ್ರದ ಹಿಡಿಕೆ ಹಿಡಿದು, ಎಡ ಅಂಗೈಯಲ್ಲಿ ಕರಡಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತರು. ಆ ಯಂತ್ರ ಒತ್ತುವಾಗ ನೋವಾಗುತ್ತದೆ. ತುಟಿ ಬಿಚ್ಚಲಿಲ್ಲ. ಆಮೇಲೆ ಸೂಜಿ ಹಾಕಿ ಚೂರು ತೆಗೆದರು. ರಿಪೋರ್ಟಿಗೆ ಮುಂದಿನ ವಾರ ಬನ್ನಿ ಅಂದರು.

ನಾವು ಸವಣೂರು ಮುಟ್ಟುವ ಮೊದಲೇ ನನ್ನ ಮದುವೆ ಸವಣೂರು ಮುಟ್ಟಿತ್ತು. ಹಾನಗಲ್ಲಿನ ಬೀಗತಿ ಫೋನು ಮಾಡಿದ್ದರು. ನಮ್ಮವ್ವ ಹೊಸ್ತಿಲ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ, ಸೀದಾ ಕಾಕುವಿನ ಮೇಲೇ ಹೋದಳು. "ನನ್ನ ಮಗಳಿಗೆ ವರ ನೋಡಾಕ ನನ್ನ ಬಿಟ್ಟು ಹೋಗೀರಲ್ಲ, ಏನಂತ ತಿಳದೀರ್ರಿ ನನ್ನ?" ಅಂತ ಓಣಿಗೆ ಕೇಳುವಂತೆ ಶುರು ಮಾಡಿದಳು. ಓಣಿಯ ಬಾಗಿಲುಗಳು ಒಂದೊಂದೇ ತೆರೆದವು. ಕಾಕು ಬೇರೆ ದಿನವಾಗಿದ್ದರೆ ಮಾತಿಗೆ ಮಾತು ಕೊಡುತ್ತಿದ್ದರು. ಅವತ್ತು ಅವ್ವನ ತೋಳು ಹಿಡಿದು ಎಲೆ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಮುಂದೆ ಮಾಡಿದರು. ಬಹಳ ಹೊತ್ತಿನ ಮೇಲೆ ಅವ್ವ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. "ನಾನೂ ಬರ್ತೇನಿ ಮುಂದಿನ ವಾರ" ಅಂದಳು, ಅಷ್ಟೇ. ಸಂಜೆ ಕಾಕಾಗೂ ಮಗನಿಗೂ ಹೇಳಿದವಳು ಅವ್ವನೇ.

ಆ ವಾರ ಹೇಗೆ ಕಳೆಯಿತೋ... ಮುಂಬೈಯಿಂದ ಗೈಡ್ ಫೋನ್ ಮಾಡಿ, ನಿನ್ನ ಕಣಗಳು ಉಪವಾಸ ಬಿದ್ದಿವೆ, ಯಾವಾಗ ಬರುತ್ತೀ ಅಂದರು. ಬೀಳಲಿ ಅಂದೆ. ಕಾಕು ಎಂದಿನಂತೆ ಎಲೆ ಆರಿಸಿದರು, ಜಗಳಾಡಿದರು, ಚೆನ್ನಾಗಿ ಉಂಡರು. ಊಟ ಸೇರದವಳು ನಾನು. ಆ ಕಣಗಳು ಹೇಗಿರುತ್ತವೆ ಅಂತ ಕಾಕುವಿಗೆ ಗೊತ್ತಿರಲಿಲ್ಲ. ಅವು ಹೇಗೆ ಸಣ್ಣ ಸಂದಿಯಲ್ಲೂ ಮೈ ಹಿಂಡಿಕೊಂಡು ನುಸುಳುತ್ತವೆ, ಆಚೆ ಹೋಗಿ ಮತ್ತೆ ದುಂಡಗಾಗುತ್ತವೆ ಅಂತ ನಾನು ನನ್ನ ಕಣ್ಣಿಂದ ನೋಡಿದ್ದೆ. ನೋಡಿ ಭಲೇ ಅಂದಿದ್ದೆ.

ರಿಪೋರ್ಟು ಕೊಟ್ಟ ಡಾಕ್ಟರು ನಮ್ಮ ಕಡೆಯ ಹೆಂಗಸೇ. ಸುತ್ತು ಬಳಸಲಿಲ್ಲ. "ಕ್ಯಾನ್ಸರ್ ಐತ್ರಿ ಅವ್ವಾರ. ಆದ್ರ ಸಣ್ಣದೈತಿ. ಲಗೂನ ಬಂದೀರಿ. ತಗದು ಹಾಕೋಣು. ಬಗಲಾಗ ಇಳದೈತೋ ಇಲ್ಲೋ ತಗದ ಮ್ಯಾಲ ಗೊತ್ತಾಗ್ತೈತಿ" ಅಂದರು. ನಮ್ಮವ್ವ ಅತ್ತಳು. ಕಾಕು ಅಳಲಿಲ್ಲ. "ಇದು ಇಲ್ಲಿ ಬಂದದ್ದು ಕರಡಿಗಿ ಒತ್ತೇನ್ರಿ?" ಅಂತ ಕೇಳಿದರು. ಡಾಕ್ಟರು ಇಲ್ಲ ಅಂದರು. ಒತ್ತಿದ್ದಕ್ಕೆ ಈ ರೋಗ ಬರುವುದಿಲ್ಲ, ಆದರೆ ಕರಡಿಗೆ ಅಲ್ಲೇ ಇದ್ದದ್ದಕ್ಕೆ ನಿಮ್ಮ ಕೈ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಗಂಟು ಬೇಗ ಗೊತ್ತಾಗಿರಬೇಕು ಅಂದರು.

ಕಾಕುವಿನ ಮುಖ ನೋಡಬೇಕಿತ್ತು. ಕ್ಯಾನ್ಸರ್ ಇದೆ ಅಂತ ಕೇಳಿದ ಮುಖವೇ ಅಲ್ಲ. ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡರು. "ಒತ್ತಿದ್ದಲ್ಲ ತಂಗಿ, ತೋರಿಸಿದ್ದು" ಅಂದರು. ಯುಗಾದಿಯಿಂದ ಎದೆಯ ಮೇಲೆ ಹೊತ್ತಿದ್ದ ಒಂದು ಭಾರ ಅಲ್ಲೇ ಇಳಿಯಿತು. ಇನ್ನೊಂದು ಇಳಿಯುವುದು ಬಾಕಿ ಇತ್ತು.

ಆಪರೇಶನ್ನಿನ ದಿನ ಮತ್ತೆ ಅದೇ ಮಾತು. ಅಲ್ಲಿ ಬೆಳ್ಳಿ ನಡೆಯುವುದಿಲ್ಲ. ಕೊಯ್ಯುವ ಉಪಕರಣ ಕರೆಂಟಿನದು, ಮೈಮೇಲೆ ಲೋಹ ಇದ್ದರೆ ಸುಡಬಹುದು ಅಂತ ನಾನೇ ಹೇಳಿದೆ. ಈ ಸಲ ಜಗಳ ಬೇಕಾಗಲಿಲ್ಲ. ಲಿಂಗವನ್ನು ಕರಡಿಗೆಯಿಂದ ತೆಗೆದು ಬಿಳಿ ಬಟ್ಟೆಯಲ್ಲಿ ಕಟ್ಟಿದರು. ನರ್ಸಮ್ಮ ಅದನ್ನು ಅವರ ಎಡ ಅಂಗೈಯಲ್ಲಿಟ್ಟು ಮೇಲೆ ಬ್ಯಾಂಡೇಜು ಸುತ್ತಿದಳು. ಬರಿದಾದ ಕರಡಿಗೆಯನ್ನು ನಮ್ಮವ್ವ ಸೆರಗಿನ ತುದಿಗೆ ಕಟ್ಟಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಳು.

ಕಂಕುಳಿನ ಗಂಟುಗಳ ರಿಪೋರ್ಟು ಬಂದ ದಿನ ಡಾಕ್ಟರು ಹೇಳಿದ್ದು ಒಂದೇ ಮಾತು: "ಹರಡಿಲ್ಲ."

ನಾನು ಹೊರಗೆ ಬಂದು ದವಾಖಾನೆಯ ಗೋಡೆಗೆ ಒರಗಿ ನಿಂತೆ. ಹರಡುವುದರ ಮೇಲೆ ಪುಟಗಟ್ಟಲೆ ಬರೆದಿದ್ದೆ, ಚಿತ್ರ ತೋರಿಸಿ ಭಾಷಣ ಮಾಡಿದ್ದೆ. ಹರಡಿಲ್ಲ ಅನ್ನುವ ಮಾತು ಇಷ್ಟು ಸಿಹಿ ಅಂತ ಮಾತ್ರ ಗೊತ್ತಿರಲಿಲ್ಲ. ಅಪ್ಪ ಎಲ್ಲಿಂದಲೋ ಪೇಢೆ ತಂದ. ಕಾಕು ಮಲಗಿದ್ದಲ್ಲಿಂದಲೇ, "ನನಗ ಕೊಡ್ರಿ ಮೊದಲ, ಕೊಯ್ಸಿಕೊಂಡಾಕಿ ನಾನು" ಅಂತ ಕೂಗಿದರು. ಆ ಕೂಗು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಲ್ಲೇ ಕೂತು ಗಳಗಳ ಅತ್ತುಬಿಟ್ಟೆ.

ಮುಂಬೈಗೆ ಹೋದ ಮೊದಲ ದಿನ ನನ್ನ ಕಣಗಳಿಗೆ ಊಟ ಹಾಕಲು ಕೈ ಬರಲಿಲ್ಲ. ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದು ಸುಮ್ಮನೆ ನೋಡುತ್ತ ನಿಂತೆ. ಎರಡನೆಯ ದಿನ ಹಾಕಿದೆ. ಹಾಕದೆ ವಿಧಿಯಿರಲಿಲ್ಲ. ನನ್ನ ಕಣಗಳು ಅನ್ನುವುದನ್ನು ಮಾತ್ರ ಬಿಟ್ಟೆ.

ಆಮೇಲೆ ಥೀಸಿಸ್ ಮುಗಿಯಿತು. ಪರದೇಶಕ್ಕೆ ಹೋಗಿ ಒಂದಿಷ್ಟು ಕಲಿತು ಬಂದೆ. ಮದುವೆಯೂ ಆಯಿತು, ಹುಬ್ಬಳ್ಳಿಯ ವರ ಅಲ್ಲ. ಈ ಕಡೆಗೇ ಕೆಲಸ ಸಿಕ್ಕಿತು, ಸ್ವಂತ ಲ್ಯಾಬು ಆಯಿತು. ಬಿಲ್ಲೆ ಸುಧಾರಿಸಿತು, ಗುಳ್ಳೆಯ ಕಾಟ ಕಡಿಮೆಯಾಯಿತು. ಕಡೆಗೊಮ್ಮೆ ಚಿಕಿತ್ಸೆ ಪಡೆದವರ ರಕ್ತ ಅವರ ಒಪ್ಪಿಗೆಯ ಮೇಲೆ ಪರೀಕ್ಷಿಸಲು ಅನುಮತಿ ಬಂತು. ಸುದ್ದಿ ಅವ್ವನ ಬಾಯಿಂದ ಎದುರು ಮನೆಗೆ ಹೋಯಿತು. ಮುಗಿಯಿತು, ಕಾಕು ಹಾಜರ್. ಕೈಯಲ್ಲಿ ಉಂಡಿಯ ಡಬ್ಬಿ. ಅದನ್ನು ಬಾಗಿಲ ಹೊರಗೆ ಇಡಿಸುವಷ್ಟರಲ್ಲಿ ನನಗೆ ಸಾಕಾಯಿತು.

ರಕ್ತ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ತೋಟಕ್ಕೆ ನೀರು ಬಿಟ್ಟಂಗೆ ಐತಲ್ಲೇ ಅಂದರು. ಆ ರಕ್ತದಲ್ಲಿ ನಾನು ಏನನ್ನೂ ಬಚ್ಚಿಟ್ಟಿರಲಿಲ್ಲ. ಅಲ್ಲಿಯವರೆಗೆ ಎಷ್ಟೋ ಸಲ, ಹುಡುಕಿದ್ದು ಸಿಗಲಿ ಸಿಗಲಿ ಅಂತ ಬೇಡಿಕೊಂಡವಳು, ಅವತ್ತು ಸಿಗದಿರಲಿ ಅಂತ ಬೇಡಿಕೊಂಡೆ. ಸಿಗಲಿಲ್ಲ. ಸಿಗಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತ ಅಲ್ಲ, ನನ್ನ ಬಿಲ್ಲೆ ಇನ್ನೂ ಕಲಿಯುತ್ತಿದೆ, ದವಾಖಾನೆಯ ತಪಾಸಣೆ ಬಿಡಬೇಡಿ ಅಂತ ಹತ್ತಾರು ಸಲ ಹೇಳಿದೆ. ಹೂಂ ಹೂಂ ಅಂದರು. ಸವಣೂರಿಗೆ ಹೋಗಿ, ನಮ್ಮ ಹುಡುಗಿಯ ಬಿಲ್ಲಿ ನನ್ನ ಪಾಸ್ ಮಾಡೇತಿ ಅಂತ ಸಾರಿದರು. ಮುಂದೆ ಎಷ್ಟೋ ದಿನ ನನಗೆ ಫೋನುಗಳು. ನಮ್ಮನ್ನೂ ಪಾಸ್ ಮಾಡ್ರಿ ಅಂತ ಶಿಗ್ಗಾಂವಿಯಿಂದ, ಹಿರೇಕೆರೂರಿನಿಂದ, ಗುರುತಿಲ್ಲದವರದೂ. ಆಗುವುದಿಲ್ಲ ಅಂತ ಎಲ್ಲರಿಗೂ ಹೇಳಿ ಹೇಳಿ ನಾಲಿಗೆ ಬಿತ್ತು.

ಆದರೆ ಕಾಕು ಇನ್ನೊಂದು ಕೆಲಸವನ್ನೂ ಶುರು ಮಾಡಿದ್ದರು. ಎಲೆ ಕೋಣೆಗೆ ಬಂದ ಹೆಣ್ಣುಮಕ್ಕಳನ್ನು, ಸೊಸೆ ಆಗಲಿ, ಬೀಗತಿ ಆಗಲಿ, ಎಲೆ ಕೊಳ್ಳಲು ಬಂದವರಾಗಲಿ, ಬಾಗಿಲು ಮುಂದೆ ಮಾಡಿಸಿ ಕೂರಿಸಿಕೊಂಡು ವಿಚಾರಿಸುವುದು. ಏನಾದರೂ ಗಟ್ಟಿ ಇದೆ ಅಂದರೋ, ಬೈದು ಬಸ್ಸು ಹತ್ತಿಸುವುದು. "ಕರಡಿಗಿ ತಗೀಬೇಕಂತಾರ, ಅಂಜಬ್ಯಾಡ್ರಿ, ಅಂಗೈಯಾಗ ಹಿಡ್ಕೊಂಡು ನಿಂದರ್ರಿ" ಅಂತ ಹೇಳಿ ಕಳಿಸುವುದು. ಹಾನಗಲ್ಲಿನ ಬೀಗತಿಯೂ ಹಾಗೆ ಹೋಗಿ ಬಂದರಂತೆ. ಅವರಿಗೆ ಏನೂ ಇರಲಿಲ್ಲ.

ನನ್ನ ಬಿಲ್ಲೆ ಇವತ್ತಿಗೂ ಪರೀಕ್ಷೆಯ ಹಂತದಲ್ಲಿದೆ. ಇನ್ನೂ ಎಷ್ಟು ವರ್ಷವೋ ಗೊತ್ತಿಲ್ಲ. ಭಾಷಣಕ್ಕೆ ಕರೆದಾಗ, ನಿಮ್ಮ ಸಂಶೋಧನೆಯಿಂದ ಎಷ್ಟು ಜೀವ ಉಳಿದಿವೆ ಅಂತ ಹುಡುಗರು ಕೇಳುತ್ತಾರೆ. ಸಂಶೋಧನೆಯಿಂದ ಇನ್ನೂ ಇಲ್ಲಪ್ಪಾ, ಸಿಟ್ಟಿನಿಂದ ಒಂದು ಉಳಿಸಿದ್ದೇನೆ ಅನ್ನುತ್ತೇನೆ. ಅವರು ಚೇಷ್ಟೆ ಅಂದುಕೊಂಡು ನಗುತ್ತಾರೆ.

ಹೋದ ಬೇಸಿಗೆಯಲ್ಲಿ ಕಾಕುವಿನ ಮಗ ಫೋನು ಮಾಡಿದ. "ಅಕ್ಕಾ, ಅವ್ವ ಹೋದ್ಲು" ಅಂದ. ನಾನು ಅಯ್ಯೋ ಅನ್ನಲಿಲ್ಲ, ಯಾವಾಗ ಅಂತಲೂ ಕೇಳಲಿಲ್ಲ. ನನ್ನ ಬಾಯಿಂದ ಬಂದ ಮೊದಲ ಮಾತು, "ಅದು ತಿರುಗಿ ಬಂದಿತ್ತೇನು?"

"ಇಲ್ಲಕ್ಕಾ, ಅದೇನೂ ಇಲ್ಲ. ಮೊನ್ನಿನೂ ತಪಾಸಣಿ ಮಾಡಿಸಿತ್ತು. ಮುಂಜಾನಿ ಚಾ ಕುಡದು, ಸೊಸಿಗೆ ಬೈದು, ಕಟ್ಟಿ ಮ್ಯಾಲ ಕುಂತಾಕಿ ಕುಂತಂಗ... ವಯಸ್ಸಾಗಿತ್ತಲ್ಲಕ್ಕಾ. ಹಲ್ಲಿರಲಿಲ್ಲ, ಕಿವಿ ಕೇಳ್ತಿರಲಿಲ್ಲ, ಮರಿಮಕ್ಕಳ ಹೆಸರು ಕಲಸಿ ಕರೀತಿದ್ಲು."

ಅವನು ಅಳುತ್ತ ಒಂದೊಂದೇ ಹೇಳುತ್ತಿದ್ದ. ನಾನೂ ಅಳುತ್ತಿದ್ದೆ. ಆದರೆ ಹಲ್ಲಿರಲಿಲ್ಲ ಅಂದಾಗ ನನ್ನ ಎದೆ ಹಗುರಾಯಿತು. ಕಿವಿ ಕೇಳುತ್ತಿರಲಿಲ್ಲ ಅಂದಾಗ ಇನ್ನಷ್ಟು ಹಗುರಾಯಿತು. ಸಾವಿನ ಸುದ್ದಿಗೆ ಹೀಗೂ ಆಗುತ್ತದೆಯೇ ಅಂತ ಯಾರನ್ನು ಕೇಳಲಿ? ಈಗ ಊರಿಗೆ ಹೋದರೆ ಎದುರು ಮನೆಯಿಂದ ಯಾರೂ ಕೂಗುವುದಿಲ್ಲ, ಯಾವಾಗ ಬಂದಿ, ಯಾಕೆ ಬಂದಿ, ಊಟ ಆಯಿತೋ ಅಂತ ಯಾರೂ ವಿಚಾರಿಸುವುದಿಲ್ಲ. ಓಣಿ ಸಪ್ಪಗಿದೆ. ಅದು ಸಂಕಟವೇ, ಇಲ್ಲ ಅನ್ನುವುದಿಲ್ಲ. ಆದರೂ ಒಂದು ಮಾತನ್ನು ನನಗೆ ನಾನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ, ಹೇಳಿಕೊಂಡಷ್ಟೂ ಸಮಾಧಾನವಾಗುತ್ತದೆ.

ನಮ್ಮ ಕಾಕು ಹಣ್ಣು ಹಣ್ಣು ಮುದುಕಿಯಾಗಿ ಸತ್ತರು.